ದೋಣಿಗೆ ಯಾವ ಬ್ಯಾಟರಿ?

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣಸಂಚಿಕೆಗಾಗಿ ಬರೆದು ಕೊಟ್ಟದ್ದು.)



ನಾವು ಭಾಷಣ ಮಾಡುವವರಲ್ಲ. ಸಂಘದ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ದೋಣಿ ಇಂಜಿನ್ ಬಿಚ್ಚುವುದು, ಜೋಡಿಸುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು, ಇಷ್ಟೇ ನಮ್ಮ ಮೂವರ ಕೆಲಸ. ಕೈಯ ಗ್ರೀಸು ಹೋಗುವುದೇ ಇಲ್ಲ, ಮೈಕು ಹಿಡಿಯಲು ನಾಚಿಕೆ ಆಗುತ್ತದೆ ಅಂತ ಅಧ್ಯಕ್ಷರಿಗೆ ಹೇಳಿದೆವು. ಅವರು ಕೇಳಲಿಲ್ಲ. ಕಳೆದ ಮಹಾಸಭೆಯಲ್ಲಿ ಒಂದು ಪ್ರಸ್ತಾಪ ಬಂದದ್ದು ನಿಮಗೆಲ್ಲ ನೆನಪಿರಬಹುದು. ಸಂಘದ ವತಿಯಿಂದ ಒಟ್ಟಿಗೆ ಬ್ಯಾಟರಿ ತರಿಸಿ, ನಾಡದೋಣಿಯ ಸದಸ್ಯರಿಗೆ ಕಂತಿನ ಮೇಲೆ ಕೊಡುವುದು ಅಂತ. ಕೊಡುವುದು ಸರಿ, ಯಾವುದನ್ನು ಕೊಡುವುದು? ಆ ದಿನ ಸಭೆಯಲ್ಲಿ ಹತ್ತು ಜನ ಹನ್ನೆರಡು ಮಾತು ಹೇಳಿದರು. ಕೊನೆಗೆ "ಶೆಡ್ಡಿನವರೇ ಹೇಳಲಿ" ಅಂತ ನಮ್ಮ ತಲೆಗೆ ಕಟ್ಟಿದರು. ಹಾಗಾಗಿ ಇವತ್ತು ಇಲ್ಲಿ ನಿಂತಿದ್ದೇವೆ.

ಸಂಘ ಹುಟ್ಟಿದ ಕಾಲದಲ್ಲಿ ನಮ್ಮ ಅಳಿವೆಯಿಂದ ಹೊರಡುವ ದೋಣಿಗಳಲ್ಲಿ ಬ್ಯಾಟರಿ ಅಂದರೆ ಟಾರ್ಚಿನ ಸೆಲ್ಲು ಮಾತ್ರ. ಮೂರು ಸೆಲ್ಲಿನ ಟಾರ್ಚು ಇದ್ದವನೇ ದೊಡ್ಡ ಮನುಷ್ಯ. ಲಾಟೀನು ಇತ್ತು, ಕೆಲವರಲ್ಲಿ ಗ್ಯಾಸ್‌ಲೈಟು ಇತ್ತು. ಈಗ ನೋಡಿ. ಕಂಬದ ಮೇಲೆ ಎಲ್‌ಇಡಿ ದೀಪ, ಬಲೆ ಎಳೆಯುವಲ್ಲಿ ಇನ್ನೊಂದು ದೀಪ, ಮೀನು ತೋರಿಸುವ ಫಿಶ್ ಫೈಂಡರು, ದಾರಿ ತೋರಿಸುವ ಜಿಪಿಎಸ್, ಕೆಲವರಲ್ಲಿ ವೈರ್‌ಲೆಸ್ಸು, ಮತ್ತೆ ದೋಣಿಯಲ್ಲಿ ಎಷ್ಟು ಜನವೋ ಅಷ್ಟು ಮೊಬೈಲು. ಇವೆಲ್ಲ ಒಂದೇ ಬ್ಯಾಟರಿಯ ಕುತ್ತಿಗೆಗೆ ಜೋತುಬಿದ್ದಿವೆ. ಅದು ಸತ್ತರೆ ಎಲ್ಲವೂ ಒಟ್ಟಿಗೆ ಸಾಯುತ್ತವೆ.

ಇದನ್ನು ನಾವು ಪುಸ್ತಕ ಓದಿ ಹೇಳುವುದಲ್ಲ. ನಮ್ಮ ಕೈಯಿಂದಲೇ ಒಂದು ತಪ್ಪು ಆಗಿದೆ. ಅದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು ಅಂತ ಮೂವರೂ ಮೊದಲೇ ಮಾತಾಡಿಕೊಂಡು ಬಂದಿದ್ದೇವೆ.

ಕೆಲವು ವರ್ಷದ ಹಿಂದೆ, ನವರಾತ್ರಿಯ ಹೊತ್ತಿಗೆ, ನಮ್ಮ ಸದಸ್ಯರೊಬ್ಬರು ಶೆಡ್ಡಿಗೆ ಬಂದು ದೋಣಿಗೆ ಒಳ್ಳೆಯ ಬ್ಯಾಟರಿ ಬೇಕು ಅಂದರು. ನಮ್ಮಲ್ಲಿ ಲಾರಿಯದ್ದೊಂದು ಇತ್ತು. ಹೆಚ್ಚು ಓಡಿದ್ದಲ್ಲ, ಹೊಸದರ ಹಾಗೆಯೇ ಇತ್ತು. "ಲಾರಿ ಎಬ್ಬಿಸುವ ಬ್ಯಾಟರಿ ಮಾರಾಯ್ರೇ, ನಿಮ್ಮ ನಾಲ್ಕು ಬಲ್ಬು ಯಾವ ಲೆಕ್ಕ" ಅಂತ ನಾವೇ ಹೇಳಿ ಕೊಟ್ಟೆವು. ಅರ್ಧ ಬೆಲೆಗೆ ಕೊಟ್ಟೆವು ಅಂತ ಒಳಗೊಳಗೆ ನಮಗೇ ಹೆಮ್ಮೆ. ಒಂದು ತಿಂಗಳು ಚೆನ್ನಾಗಿ ನಡೆಯಿತು. ಒಂದೂವರೆ ತಿಂಗಳಾಗುವಾಗ ಒಂದು ರಾತ್ರಿ, ಬಲೆ ಬಿಟ್ಟು ಕೂತಿದ್ದಾರೆ, ಗಂಟೆ ಒಂದು ಇರಬಹುದು, ದೀಪ ಮಂಕಾಯಿತು. ಫಿಶ್ ಫೈಂಡರು ಆರಿತು. ಸ್ವಲ್ಪ ಹೊತ್ತಿಗೆ ದೀಪವೂ ಹೋಯಿತು. ಅದೇ ಬ್ಯಾಟರಿಯಿಂದ ಚಾರ್ಜು ಆಗುತ್ತಿದ್ದ ಮೊಬೈಲುಗಳೂ ಕೊನೆಯುಸಿರಿನಲ್ಲಿದ್ದವು. ಅಮಾವಾಸ್ಯೆಯ ಹತ್ತಿರದ ಕತ್ತಲು. ಆಗ ದೂರದಿಂದ ಟ್ರಾಲ್ ಬೋಟಿನ ಸದ್ದು ಕೇಳಿಸಿತಂತೆ. ಸದ್ದು ಇವರ ಕಡೆಗೇ ಬರುತ್ತಿತ್ತು. ಕೂಗಿದರೆ ಆ ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ದೋಣಿಯಲ್ಲಿದ್ದ ಹುಡುಗನೊಬ್ಬ ತನ್ನ ಅಂಗಿ ಬಿಚ್ಚಿ, ಇಂಜಿನ್ನಿನ ಸೀಮೆಎಣ್ಣೆಯಲ್ಲಿ ಅದ್ದಿ, ಹುಟ್ಟಿನ ತುದಿಗೆ ಸುತ್ತಿ ಬೆಂಕಿ ಹಚ್ಚಿ ಎತ್ತಿ ಹಿಡಿದ. ಬೋಟು ತಿರುಗಿತು. ದೋಣಿ ಉಳಿಯಿತು, ನಾಲ್ಕು ಜನರೂ ಉಳಿದರು. ಬಲೆ ಬೋಟಿನ ಫ್ಯಾನಿಗೆ ಸಿಕ್ಕಿ ಚಿಂದಿಯಾಯಿತು.

ಬೆಳಿಗ್ಗೆ ಆ ಸದಸ್ಯರು ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದರು. ಬೈಯಲಿಲ್ಲ. "ನೀವೇ ಅಲ್ವಾ ಹೇಳಿದ್ದು, ಇದು ಗಟ್ಟಿ ಅಂತ?" ಅಷ್ಟೇ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಅವತ್ತು ಅದನ್ನು ಚಾರ್ಜಿಗೆ ಹಾಕಿ, ಮರುದಿನ ಮೀಟರು ಹಿಡಿದೆವು. 12.6 ವೋಲ್ಟು ತೋರಿಸಿತು. ಮೀಟರನ್ನು ನಂಬಿದರೆ ಬ್ಯಾಟರಿಗೆ ಏನೂ ಆಗಿಲ್ಲ. ಆದರೆ ಹೆಡ್‌ಲೈಟಿನ ಬಲ್ಬೊಂದನ್ನು ಕಟ್ಟಿ ಉರಿಸಿದಾಗ ಒಂದು ಗಂಟೆಯೊಳಗೆ ಹತ್ತೂವರೆಗೆ ಇಳಿಯಿತು. ಒಳಗೆ ಸತ್ವವೇ ಇರಲಿಲ್ಲ. ಬರೀ ಮೀಟರು ಹಿಡಿದು "ಬ್ಯಾಟರಿ ಸರಿಯಿದೆ" ಅಂತ ಹೇಳುವವರನ್ನು, ಅಂದರೆ ಆಗಿನ ನಮ್ಮನ್ನು, ನೀವು ನಂಬಬೇಡಿ. ಭಾರ ಹೊರಿಸಿ ನೋಡದೆ ಬ್ಯಾಟರಿಯ ಆರೋಗ್ಯ ಗೊತ್ತಾಗುವುದಿಲ್ಲ.

ಹಾಗಾದರೆ ಲಾರಿ ಎಬ್ಬಿಸುವ ಬ್ಯಾಟರಿ ನಾಲ್ಕು ಬಲ್ಬಿಗೆ ಸೋತದ್ದು ಹೇಗೆ? ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಂಬಳದ ಕೋಣವೂ ಕೋಣವೇ, ಗದ್ದೆ ಉಳುವ ಕೋಣವೂ ಕೋಣವೇ. ಕಂಬಳದ ಕೋಣವನ್ನು ಬೆಳಗಿಂದ ಸಂಜೆವರೆಗೆ ನೇಗಿಲಿಗೆ ಕಟ್ಟಿದರೆ ಎಷ್ಟು ದಿನ ಬದುಕೀತು? ಲಾರಿ, ಕಾರು, ಜೀಪಿನ ಬ್ಯಾಟರಿ ಕಂಬಳದ ಕೋಣ. ಸೆಲ್ಫ್ ಹೊಡೆಯುವಾಗ ಎರಡು ಮೂರು ಸೆಕೆಂಡು ನೂರಾರು ಆಂಪೇರು ಕರೆಂಟು ಕೊಡುತ್ತದೆ. ಇಂಜಿನ್ ಎದ್ದ ಕೂಡಲೇ ಡೈನಮೋ ಅದನ್ನು ತುಂಬಿಸಿಬಿಡುತ್ತದೆ. ಇಡೀ ಆಯುಷ್ಯದಲ್ಲಿ ಅದು ಪೂರ್ತಿ ಖಾಲಿಯಾಗುವ ಪ್ರಸಂಗ ಬರುವುದೇ ಅಪರೂಪ. ಒಮ್ಮೆಗೇ ಅಷ್ಟು ಕರೆಂಟು ಹೊರಬರಬೇಕಾದರೆ ಒಳಗಿನ ಸೀಸದ ತಟ್ಟೆಗಳು ತೆಳ್ಳಗಿರಬೇಕು, ಸಂಖ್ಯೆಯಲ್ಲಿ ಹೆಚ್ಚಿರಬೇಕು. ಆ ತೆಳು ತಟ್ಟೆಗಳನ್ನು ಪ್ರತಿ ರಾತ್ರಿ ತಳದವರೆಗೆ ಬಸಿದು ಬೆಳಿಗ್ಗೆ ತುಂಬಿಸಿದರೆ, ತಟ್ಟೆಗೆ ಮೆತ್ತಿದ ಲೇಪ ಗೋಡೆಯ ಸುಣ್ಣದ ಹಾಗೆ ಉದುರಿ ಬುಡದಲ್ಲಿ ಕೆಸರಾಗಿ ನಿಲ್ಲುತ್ತದೆ. ಕೆಲವೇ ಹತ್ತು ಸಲ ಹಾಗೆ ಮಾಡಿದರೆ ಸಾಕು, ಅದರ ಕತೆ ಮುಗಿಯುತ್ತದೆ. ನಮ್ಮ ಸದಸ್ಯರದ್ದು ಒಂದೂವರೆ ತಿಂಗಳಲ್ಲಿ ಮುಗಿದದ್ದು ಆಶ್ಚರ್ಯವೇ ಅಲ್ಲ.

ನಮ್ಮ ನಾಡದೋಣಿಯ ಇಂಜಿನ್ನನ್ನು ನಾವು ಎಬ್ಬಿಸುವುದು ಹಗ್ಗ ಎಳೆದು. ಸೆಲ್ಫ್ ಇಲ್ಲ. ಅಂದ ಮೇಲೆ ಓಟದ ಕೋಣ ನಮಗೆ ಬೇಡವೇ ಬೇಡ. ನಮಗೆ ಬೇಕಾದದ್ದು ಸ್ವಲ್ಪ ಸ್ವಲ್ಪ ಕರೆಂಟನ್ನು ರಾತ್ರಿಯಿಡೀ ಕೊಡುವಂಥದ್ದು, ದಪ್ಪ ತಟ್ಟೆಯದ್ದು. ಅಂಗಡಿಯವರು ಅದಕ್ಕೆ 'ಡೀಪ್ ಸೈಕಲ್' ಅನ್ನುತ್ತಾರೆ. ಸೆಲ್ಫ್ ಇರುವ ದೊಡ್ಡ ಇಂಜಿನ್ ಇಟ್ಟುಕೊಂಡವರು ಎರಡು ಬ್ಯಾಟರಿ ಇಡಬೇಕು, ಒಂದು ಎಬ್ಬಿಸಲಿಕ್ಕೆ, ಇನ್ನೊಂದು ದೀಪಕ್ಕೆ. ಎರಡನ್ನೂ ಸೇರಿಸಿ ಕಟ್ಟಬಾರದು. ರಾತ್ರಿ ದೀಪ ಉರಿಸಿ ಬೆಳಿಗ್ಗೆ ಇಂಜಿನ್ ಏಳದೆ ತೇಲುತ್ತಾ ಕೂರುವ ಪಾಡು ಬೇಡ.

ಇನ್ನು ಎಷ್ಟು ದೊಡ್ಡದು ಬೇಕು ಅನ್ನುವ ಲೆಕ್ಕ. ಇದು ಮಗ್ಗಿ ಗೊತ್ತಿದ್ದವರೆಲ್ಲ ಮಾಡುವ ಲೆಕ್ಕ, ಹೆದರಬೇಡಿ. ಐದು ವ್ಯಾಟಿನ ಮೂರು ದೀಪ, ಹದಿನೈದು. ಫಿಶ್ ಫೈಂಡರು ಹನ್ನೆರಡು. ವೈರ್‌ಲೆಸ್ಸು ಬರೀ ಕೇಳುತ್ತಾ ಇದ್ದರೆ ಐದು. ಮೊಬೈಲಿಗೆ ಎಂಟು. ಒಟ್ಟು 40 ವ್ಯಾಟು. ಹತ್ತು ಗಂಟೆಗೆ 400. ಅದನ್ನು ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ 33 ಆಂಪೇರ್-ಅವರು. ಹಾಗಾದರೆ 35ರ ಬ್ಯಾಟರಿ ಸಾಕಲ್ಲ ಅಂತ ನೀವು ಕೇಳಬಹುದು. ಸಾಲದು. ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯಲ್ಲಿ ಮೇಲಿನ ಅರ್ಧ ಮಾತ್ರ ನಮ್ಮದು ಅಂತ ತಿಳಿದುಕೊಳ್ಳಬೇಕು. ಕೆಳಗಿನ ಅರ್ಧಕ್ಕೆ ಕೈ ಹಾಕಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ. ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮೀಟರು ಹಿಡಿದಾಗ 12.2 ವೋಲ್ಟಿಗೆ ಬಂದಿದ್ದರೆ ಅರ್ಧ ಮುಗಿಯಿತು ಅಂತಲೇ ಲೆಕ್ಕ. ಹಾಗಾಗಿ 33ಕ್ಕೆ 66, ಮತ್ತೆ ಒಂದು ದಿನ ಗಾಳಿಗೆ ಸಿಕ್ಕಿ ತಡವಾದರೆ ಅಂತ ಸ್ವಲ್ಪ ಸೇರಿಸಿ, 80. ಲಿಥಿಯಂ ಆದರೆ ಎಂಬತ್ತು ಪಾಲು ಬಳಸಬಹುದು, 50 ಸಾಕು. ಪೆಟ್ಟಿಗೆಯ ಮೇಲೆ ಬರೆದ ಆಂಪೇರ್-ಅವರು ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ಲೆಕ್ಕ. ಅಂದರೆ ನೂರು ಅಂತ ಬರೆದಿದ್ದರೆ ಗಂಟೆಗೆ ಐದರಂತೆ ಇಪ್ಪತ್ತು ಗಂಟೆ ಕೊಡುತ್ತದೆ. ಗಂಟೆಗೆ ಐವತ್ತರಂತೆ ಎಳೆದರೆ ಎರಡು ಗಂಟೆ ಬರುವುದಿಲ್ಲ, ಅದಕ್ಕೆ ಎಷ್ಟೋ ಮುಂಚೆ ಮಲಗುತ್ತದೆ. ನಮ್ಮ ದೋಣಿಯ ದೀಪಕ್ಕೆ ಆ ಚಿಂತೆ ಇಲ್ಲ.

ಈಗ ಜಾತಿಗಳು. ಬ್ಯಾಟರಿಯ ಜಾತಿಗಳನ್ನು ಹೇಳುತ್ತಿದ್ದೇವೆ.

ಮೊದಲನೆಯದು ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಹಳೆಯ ನಮೂನೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬವರು 1859ರಲ್ಲಿ ಮಾಡಿದ ಸೀಸದ ಬ್ಯಾಟರಿಯ ನೇರ ಸಂತಾನ ಇದು. ಇದರಲ್ಲೇ ಟ್ಯೂಬುಲರ್ ಅಂತ ಇನ್ನೊಂದು, ಮನೆಯ ಇನ್ವರ್ಟರಿಗೆ ಇಡುತ್ತೀರಲ್ಲ, ಅದು. ದೀರ್ಘಕಾಲ ಕರೆಂಟು ಕೊಡುವುದರಲ್ಲಿ ಟ್ಯೂಬುಲರನ್ನು ಮೀರಿಸುವ ಸೀಸದ ಬ್ಯಾಟರಿ ಕಡಿಮೆ, ಬೆಲೆಗೂ ಅಡ್ಡಿಯಿಲ್ಲ. ಆದರೆ ಅದು ಮನೆಯ ಮೂಲೆಯಲ್ಲಿ ಕೂರುವ ಮುದುಕ, ಸಮುದ್ರಕ್ಕೆ ಬರುವ ಜನ ಅಲ್ಲ. 150ರದ್ದು ಐವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ಎತ್ತರ ಬೇರೆ. ಅಳಿವೆಯ ಬಾಯಲ್ಲಿ ದೋಣಿ ಏಳುವುದು ಬೀಳುವುದು ನಿಮಗೆ ನಾವು ಹೇಳಬೇಕೇ? ವಾಲಿದರೆ ಆಸಿಡ್ ಚೆಲ್ಲುತ್ತದೆ. ಚೆಲ್ಲಿದ್ದು ಕಾಲಿಗೆ, ಬಲೆಗೆ. ಅದಕ್ಕಿಂತ ಕೆಟ್ಟದ್ದು, ಸಮುದ್ರದ ನೀರು ಅದರೊಳಗೆ ಹೋದರೆ ಕ್ಲೋರಿನ್ ಗಾಳಿ ಏಳುತ್ತದೆ. ಉಸಿರು ಕಟ್ಟಿಸುವ ವಿಷ ಅದು. ಹಿಂದೆ ಜಲಾಂತರ್ಗಾಮಿಯ ನಾವಿಕರು ಬಾಂಬಿನಷ್ಟೇ ಹೆದರುತ್ತಿದ್ದುದು ಬ್ಯಾಟರಿ ಕೋಣೆಗೆ ನೀರು ನುಗ್ಗುವುದಕ್ಕೆ. ನಮ್ಮ ದೋಣಿ ತೆರೆದದ್ದು, ಗಾಳಿ ಆಡುತ್ತದೆ, ನಿಜ. ಆದರೂ ಹಲಗೆಯ ಕೆಳಗೆ ತಲೆ ಹಾಕಿ ನೋಡುವವನಿಗೆ ಗಾಳಿ ಆಡುವುದಿಲ್ಲ. ಮತ್ತೆ ಚಾರ್ಜು ಆಗುವಾಗ ಇದರಿಂದ ಜಲಜನಕ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸ್ಫೋಟಿಸುತ್ತದೆ. ಶೆಡ್ಡಿನಲ್ಲಿ ಬೀಡಿ ಹಚ್ಚಬೇಡಿ ಅಂತ ನಾವು ಬೈಯುವುದು ಸುಮ್ಮನೆ ಅಲ್ಲ, ದಯವಿಟ್ಟು ಬೇಸರ ಮಾಡಬೇಡಿ.

ಎರಡನೆಯದು ಮುಚ್ಚಿದ ಸೀಸದ ಬ್ಯಾಟರಿ. ಇದರಲ್ಲಿಯೂ ಆಸಿಡ್ ಇದೆ, ಆದರೆ ದ್ರವವಾಗಿ ಓಡಾಡುವುದಿಲ್ಲ. ಒಂದು ನಮೂನೆಯಲ್ಲಿ ಗಾಜಿನ ನೂಲಿನ ಚಾಪೆ ಅದನ್ನು ಹೀರಿ ಹಿಡಿದಿರುತ್ತದೆ, ಅದಕ್ಕೆ ಎಜಿಎಂ ಅನ್ನುತ್ತಾರೆ. ಇನ್ನೊಂದರಲ್ಲಿ ಗಂಜಿಯ ಹಾಗೆ ಗಟ್ಟಿಯಾಗಿರುತ್ತದೆ, ಅದು ಜೆಲ್. ವಾಲಿದರೂ ಚೆಲ್ಲುವುದಿಲ್ಲ, ನೀರು ಹಾಕುವ ಕೆಲಸ ಇಲ್ಲ. ದೋಣಿಗೆ ಹೊಂದುವ ಮೊದಲನೆಯ ಬ್ಯಾಟರಿ ಇದೇ. ಅರ್ಧದವರೆಗೆ ಮಾತ್ರ ಬಳಸಿದರೆ ಸುಮಾರು 400-500 ಸಲ ತುಂಬಿ ಖಾಲಿ ಮಾಡಬಹುದು. ಇದಕ್ಕೆ ಎರಡು ಶತ್ರು. ಒಂದು ಸೆಕೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಅನ್ನುವುದು ಈ ಕಸುಬಿನವರ ಹಳೆಯ ಲೆಕ್ಕ. ಏಪ್ರಿಲ್ ಬಿಸಿಲಿನಲ್ಲಿ ಹೊಯಿಗೆಯ ಮೇಲೆ ಎಳೆದಿಟ್ಟ ದೋಣಿಯೊಳಗೆ ಕಪ್ಪು ಪೆಟ್ಟಿಗೆ ಇಟ್ಟರೆ ಏನಾಗುತ್ತದೆ ಯೋಚಿಸಿ. ಎರಡನೆಯದು ಹೆಚ್ಚು ಚಾರ್ಜು. ಜೆಲ್ ಬ್ಯಾಟರಿಯನ್ನು ಹಳೆಯ ಗ್ಯಾರೇಜು ಚಾರ್ಜರಿಗೆ ಹಾಕಿ ಕುದಿಸಿದರೆ ಒಳಗೆ ಗುಳ್ಳೆ ಎದ್ದು ಕಾಯಂ ಹಾಳಾಗುತ್ತದೆ. ಕಳೆದುಹೋದ ನೀರನ್ನು ಮತ್ತೆ ಹಾಕಲು ದಾರಿ ಇಲ್ಲವಲ್ಲ.

ಸೀಸದ ಯಾವ ಬ್ಯಾಟರಿಯೇ ಆಗಲಿ, ಅರ್ಧ ಖಾಲಿ ಮಾಡಿ ಮೂಲೆಯಲ್ಲಿ ಇಟ್ಟರೆ ಕೊಲೆ ಮಾಡಿದ ಹಾಗೆ. ತಟ್ಟೆಯ ಮೇಲೆ ಬಿಳಿ ಹರಳು ಕಟ್ಟುತ್ತದೆ, ಗಟ್ಟಿಯಾದ ಮೇಲೆ ಕರಗುವುದಿಲ್ಲ. ನಮ್ಮ ಶೆಡ್ಡಿಗೆ ಬರುವ ಸತ್ತ ಬ್ಯಾಟರಿಗಳಲ್ಲಿ ಹೆಚ್ಚಿನವು ದುಡಿದು ಸತ್ತದ್ದಲ್ಲ, ಮೂಲೆಯಲ್ಲಿ ಉಪವಾಸ ಕೆಡವಿ ಸತ್ತದ್ದು. ಮಳೆಗಾಲದ ನಾಡದೋಣಿಯವರು ಆಗಸ್ಟಿನಲ್ಲಿ ಬಲೆ ಒಣಗಿಸಿ ಜೋಪಾನ ಮಾಡುತ್ತೀರಿ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಿ, ತಿಂಗಳಿಗೊಮ್ಮೆ ಶೆಡ್ಡಿಗೆ ತನ್ನಿ. ನಾವು ತುಂಬಿಸಿ ಕೊಡುತ್ತೇವೆ.

ಮೂರನೆಯದು ಲಿಥಿಯಂ. ಮಹಾಸಭೆಯಲ್ಲಿ ಜಗಳ ಆದದ್ದು ಇದರ ಮೇಲೆಯೇ. ಹಿರಿಯರೊಬ್ಬರು ಎದ್ದು, "ಸ್ಕೂಟರು ಬೆಂಕಿ ಹಿಡಿಯುವುದನ್ನು ಟಿವಿಯಲ್ಲಿ ನೋಡಿಲ್ವಾ? ಸಮುದ್ರದ ನಡುವೆ ಬೆಂಕಿ ಬಿದ್ದರೆ ಎಲ್ಲಿಗೆ ಹಾರುತ್ತೀರಿ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. 2022ರಲ್ಲಿ ನಮ್ಮ ದೇಶದಲ್ಲಿ ಹಲವು ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿದ್ದು ನಿಜ. ಆಮೇಲೆ ಸರಕಾರ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಆದರೆ ಲಿಥಿಯಂ ಅಂದರೆ ಒಂದೇ ಅಲ್ಲ. ನಿಕಲ್, ಕೋಬಾಲ್ಟ್ ಸೇರಿಸಿದ ಒಂದು ಬಗೆ ಇದೆ. ಹಗುರ, ಶಕ್ತಿ ಹೆಚ್ಚು, ಕೆರಳಿದರೆ ಕೋಪವೂ ಹೆಚ್ಚು. ಕಬ್ಬಿಣ ಮತ್ತು ಫಾಸ್ಫೇಟ್ ಸೇರಿಸಿದ ಇನ್ನೊಂದು ಬಗೆ ಇದೆ, ಚುಟುಕಾಗಿ ಎಲ್‌ಎಫ್‌ಪಿ. ಇದನ್ನು 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಎಂಬ ವಿಜ್ಞಾನಿಯ ತಂಡ ರೂಪಿಸಿತು. ಲಿಥಿಯಂ ಬ್ಯಾಟರಿಯ ಕೆಲಸಕ್ಕೆ ಅವರಿಗೆ 2019ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು, ಆಗ ಅವರಿಗೆ 97 ವರ್ಷ. ಎಲ್‌ಎಫ್‌ಪಿ ಬಗೆ ಬಹಳ ಹೆಚ್ಚು ಬಿಸಿಯಾದ ಮೇಲಷ್ಟೇ ಕೆರಳುವಂಥದ್ದು, ಕೆರಳಿದರೂ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೆಂಕಿಯೇ ಬಾರದು ಅಂತ ಆಣೆ ಇಡಲು ನಾವು ತಯಾರಿಲ್ಲ. ಆದರೆ ದೋಣಿಗೆ ಲಿಥಿಯಂ ತರುವುದಾದರೆ ಇದೊಂದೇ. ಪೆಟ್ಟಿಗೆಯ ಮೇಲೆ 12.8 ವೋಲ್ಟು ಅಂತ ಬರೆದಿರುತ್ತದೆ, 3.2 ವೋಲ್ಟಿನ ನಾಲ್ಕು ಸೆಲ್ಲು ಸೇರಿ. ಹಳೆಯ ಸ್ಕೂಟರು, ರಿಕ್ಷಾಗಳಿಂದ ಬಿಚ್ಚಿದ ಸೆಲ್ಲುಗಳನ್ನು ಅಂಟಿಸಿ ಮಾಡಿದ ಅಗ್ಗದ ಪೆಟ್ಟಿಗೆಗಳೂ ಸಿಗುತ್ತವೆ. ಅದನ್ನು ಉಚಿತ ಕೊಟ್ಟರೂ ದೋಣಿ ಹತ್ತಿಸಬೇಡಿ.

ಲಿಥಿಯಂನ ಗುಣ ಹೇಳಬೇಕಾದರೆ, 100 ಆಂಪೇರ್-ಅವರಿನ ಸೀಸದ್ದು ಮೂವತ್ತು ಕಿಲೋದ ಆಸುಪಾಸು ತೂಗುವಲ್ಲಿ ಇದು ಹನ್ನೆರಡು ಹದಿಮೂರು ಕಿಲೋ. ನಮಗೆ ಬೇಕಾದ 50ರದ್ದು ಆರೇಳು ಕಿಲೋ, ಅಕ್ಕಿ ಚೀಲದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗಬಹುದು. ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬಳಸಬಹುದು. ಬೇಗ ತುಂಬುತ್ತದೆ. ಸೀಸದ್ದಾದರೆ ಕೊನೆಯ ಕಾಲು ಪಾಲು ತುಂಬಲು ಗಂಟೆಗಟ್ಟಲೆ ಸತಾಯಿಸುತ್ತದೆ, ಇದಕ್ಕೆ ಆ ಹಟವಿಲ್ಲ.

ಆದರೆ ಅಂಗಡಿಯವರು ಹೇಳದ ಒಂದು ಮಾತನ್ನು ನಾವು ಹೇಳಬೇಕು. ಸೀಸದ ಬ್ಯಾಟರಿ ಸಾಯುವ ಮುಂಚೆ ಸೂಚನೆ ಕೊಡುತ್ತದೆ. ದೀಪ ಮಂಕಾಗುತ್ತದೆ, ನಮಗೆ ಬಲೆ ಎಳೆದು ಮನೆಗೆ ತಿರುಗಲು ಸ್ವಲ್ಪ ಹೊತ್ತು ಸಿಗುತ್ತದೆ. ಲಿಥಿಯಂ ಹಾಗಲ್ಲ. ಕೊನೆಯವರೆಗೂ ದೀಪ ಒಂದೇ ಸಮ ಉರಿಯುತ್ತದೆ, ವೋಲ್ಟು ಹೆಚ್ಚು ಇಳಿಯುವುದಿಲ್ಲ. ಆಮೇಲೆ ಒಳಗಿರುವ ಕಾವಲು ಸರ್ಕಿಟ್ಟು, ಬಿಎಂಎಸ್ ಅನ್ನುತ್ತಾರಲ್ಲ, ಅದು ಟಕ್ ಅಂತ ಕರೆಂಟು ಕಡಿದು ಬಿಡುತ್ತದೆ. ಒಂದು ಕ್ಷಣದ ಹಿಂದೆ ಬೆಳಕು, ಮರುಕ್ಷಣ ಕತ್ತಲು. ಹಾಗಾಗಿ ಲಿಥಿಯಂ ತೆಗೆದುಕೊಂಡವರು ವೋಲ್ಟು ಮೀಟರನ್ನು ನಂಬಿ ಕೂರಬಾರದು. ಒಳಗೆ ಹೋದದ್ದು, ಹೊರಗೆ ಬಂದದ್ದನ್ನು ಎಣಿಸಿ ಉಳಿದದ್ದು ಎಷ್ಟು ಅಂತ ತೋರಿಸುವ ಮೀಟರು ಬರುತ್ತದೆ, ಅದನ್ನು ಹಾಕಿಸಿಕೊಳ್ಳಬೇಕು. ಮತ್ತೆ ಯಾವ ಬ್ಯಾಟರಿ ಇದ್ದರೂ ಅದಕ್ಕೆ ಸಂಬಂಧವಿಲ್ಲದ ಒಂದು ಟಾರ್ಚು, ಒಂದು ತುಂಬಿದ ಮೊಬೈಲು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬೇರೆ ಇರಲಿ. ಕರಾವಳಿ ಕಾವಲು ಪಡೆಯ 1554 ನಂಬರು ಅದರಲ್ಲಿ ಬರೆದಿರಲಿ. ಇಸ್ರೋದವರು ರೂಪಿಸಿದ ಅಪಾಯ ಸೂಚಕ ಯಂತ್ರ ಇದ್ದವರಿಗೆ ಅದರಲ್ಲಿ ಅದರದ್ದೇ ಬ್ಯಾಟರಿ ಇರುತ್ತದೆ. ಅದನ್ನೂ ಆಗಾಗ ನೋಡಿಕೊಳ್ಳಿ.

ಲಿಥಿಯಂಗೆ ಅದರದ್ದೇ ಚಾರ್ಜರು ಬೇಕು. ಇಡುವ ಕ್ರಮವೂ ಸೀಸಕ್ಕೆ ತಿರುಗಾಮುರುಗಾ. ಸೀಸವನ್ನು ತುಂಬಿಸಿ ಇಡಬೇಕು ಅಂದೆವು. ಇದನ್ನು ತಿಂಗಳುಗಟ್ಟಲೆ ಇಡುವುದಾದರೆ ಅರ್ಧದಷ್ಟು ತುಂಬಿಸಿ ತಂಪಾದ ಕಡೆ ಇಡಬೇಕು.

ಯುವಕರು ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಜಿನ್ನನ್ನೇ ಬ್ಯಾಟರಿಯಲ್ಲಿ ಓಡಿಸೋಣ, ಸೀಮೆಎಣ್ಣೆಯ ಗೋಳು ತಪ್ಪುತ್ತದೆ ಅನ್ನುತ್ತಾರೆ. ಕೇರಳದಲ್ಲಿ ಓಡುತ್ತಿದೆ, ಸುಳ್ಳಲ್ಲ. ವೈಕಂನಿಂದ ತವಣಕ್ಕಡವಿಗೆ 'ಆದಿತ್ಯ' ಎಂಬ ಸೋಲಾರ್ ದೋಣಿ 2017ರ ಜನವರಿಯಿಂದ 75 ಜನರನ್ನು ದಾಟಿಸುತ್ತಿದೆ. ಅದರಲ್ಲಿರುವುದು ಲಿಥಿಯಂ. ಕೊಚ್ಚಿಯಲ್ಲಿ 2023ರಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿಗಳಿಗೆ ಲಿಥಿಯಂ ಟೈಟನೇಟ್ ಅಂತ ಮತ್ತೊಂದು ಬಗೆ. ಜಟ್ಟಿಯಲ್ಲಿ ಜನ ಹತ್ತಿ ಇಳಿಯುವ ಹೊತ್ತಿನಲ್ಲೇ ಬೇಗ ತುಂಬಿಸಿಕೊಳ್ಳಬೇಕಲ್ಲ, ಅದಕ್ಕೆ. ಕೆಲಸ ನೋಡಿ ಬ್ಯಾಟರಿ ಆರಿಸಿದ್ದಾರೆ. ಆದರೆ ಅದು ಹಿನ್ನೀರು, ದಾರಿ ಗೊತ್ತಿದ್ದದ್ದು, ದಡ ಕಣ್ಣೆದುರಿಗೆ. ನಮ್ಮ ಹತ್ತು ಎಚ್‌ಪಿ ಇಂಜಿನ್ ಅಂದರೆ ಏಳೂವರೆ ಕಿಲೋವ್ಯಾಟು. 100 ಆಂಪೇರ್-ಅವರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಒಟ್ಟು ಇರುವುದು 1.2 ಕಿಲೋವ್ಯಾಟ್-ಅವರು. ಪೂರ್ತಿ ಜೋರಿನಲ್ಲಿ ಓಡಿಸಿದರೆ ಹತ್ತು ನಿಮಿಷ ಬರುವುದಿಲ್ಲ. ಅಳಿವೆ ದಾಟುವುದರೊಳಗೆ ಮುಗಿಯುತ್ತದೆ. ಹೊಳೆಯಲ್ಲಿ ಪಾತಿ ದೋಣಿಯಲ್ಲಿ ಸಣ್ಣ ಮೋಟಾರು ಕಟ್ಟಿ ನೋಡುವವರು ನೋಡಲಿ, ನಾವೇ ಜೋಡಿಸಿ ಕೊಡುತ್ತೇವೆ. ಸಮುದ್ರಕ್ಕೆ ಸದ್ಯ ಬೇಡ.

ಈಗ ಸಂಘ ಯಾವುದನ್ನು ತರಿಸಬೇಕು ಅನ್ನುವುದಕ್ಕೆ ಬರೋಣ. ಅಂಗಡಿಯಲ್ಲಿ ಬೆಲೆ ಕೇಳುವಾಗ ಒಂದು ಬ್ಯಾಟರಿಗೆ ಎಷ್ಟು ಅಂತ ಕೇಳಬೇಡಿ, ಒಂದು ರಾತ್ರಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ. ಸೀಸದ್ದು 400 ರಾತ್ರಿ, ಲಿಥಿಯಂ 2,000 ರಾತ್ರಿ. ಅಂದರೆ ಲಿಥಿಯಂಗೆ ಐದು ಪಟ್ಟು ಬೆಲೆ ಕೊಟ್ಟರೂ ಸರಿಸಮ. ಪೇಟೆಯಲ್ಲಿ ಈಗ ಅಷ್ಟು ಅಂತರ ಇಲ್ಲ. ಹಾಗಾಗಿ ವರ್ಷದಲ್ಲಿ ಇನ್ನೂರು ರಾತ್ರಿ ಬಲೆ ಬಿಡುವವರಿಗೆ ಎಲ್‌ಎಫ್‌ಪಿ ಲಿಥಿಯಂ ಕೊಡುವುದೇ ಸಂಘಕ್ಕೂ ಅವರಿಗೂ ಲಾಭ. ಕಂತು ತೀರಿದ ಮೇಲೂ ಬ್ಯಾಟರಿ ದುಡಿಯುತ್ತಿರುತ್ತದೆ. ಸೀಸದ್ದಾದರೆ ಕಂತು ತೀರುವ ಮುಂಚೆ ಬ್ಯಾಟರಿ ತೀರಿಹೋಗುವ ಭಯ ಇದೆ. ಸಾಲ ಕೊಡುವವರು ಇದನ್ನು ಯೋಚಿಸಬೇಕು.

ಆದರೆ ನಮ್ಮ ಸದಸ್ಯರಲ್ಲಿ ಅನೇಕರು ಮಳೆಗಾಲದವರು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಬೋಟಿಗೆ ನಿಷೇಧ ಇರುವ 61 ದಿನ, ಅದರಲ್ಲೂ ತೂಫಾನ್ ಆಗಿ ಕಡಲು ಅನುಕೂಲ ಆದ ದಿನ ಮಾತ್ರ ಮಾಟುಬಲೆಗೆ ಹೋಗುವವರು. ಅದೂ ಹೆಚ್ಚಾಗಿ ಹಗಲು. ಅವರಿಗೆ 400 ಸಲ ಅಂದರೆ ಏಳೆಂಟು ವರ್ಷದ ಲೆಕ್ಕ, ಅಷ್ಟರೊಳಗೆ ನಮ್ಮ ಸೆಕೆಗೆ ಸೀಸದ್ದು ವಯಸ್ಸಾಗಿಯೇ ಸಾಯುತ್ತದೆ. ಅವರಿಗೆ ಮುಚ್ಚಿದ ಎಜಿಎಂ ಸಾಕು, ಹೆಚ್ಚಿನ ಹಣ ಹಾಕುವುದು ವ್ಯರ್ಥ. ಈ ವಿಷಯದಲ್ಲಿ ನಮ್ಮ ಮೂವರಲ್ಲೇ ಒಮ್ಮತ ಇಲ್ಲ, ಮುಚ್ಚಿಡುವುದಿಲ್ಲ. ನಮ್ಮಲ್ಲಿ ಕಿರಿಯವನು, "ಹತ್ತು ತಿಂಗಳು ಮೂಲೆಯಲ್ಲಿ ಬಿದ್ದಿರುವ ಬ್ಯಾಟರಿಗೆ ಸೀಸಕ್ಕಿಂತ ಲಿಥಿಯಂ ವಾಸಿ, ಯಾರು ತಿಂಗಳಿಗೊಮ್ಮೆ ಹೊತ್ತು ತರುತ್ತಾರೆ?" ಅನ್ನುತ್ತಾನೆ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ನೀವು ತಿಂಗಳಿಗೊಮ್ಮೆ ತರುತ್ತೀರಾದರೆ ನಾವಿಬ್ಬರು ಗೆದ್ದೆವು, ಇಲ್ಲದಿದ್ದರೆ ಅವನು ಗೆದ್ದ. ಹೊಳೆಯಲ್ಲಿ ಒಬ್ಬರೇ ಪಾತಿ ದೋಣಿಯಲ್ಲಿ ಹೋಗುವವರಿಗೆ ಇದ್ಯಾವುದೂ ಬೇಡ, ಒಂದು ಒಳ್ಳೆಯ ಚಾರ್ಜು ದೀಪ ಸಾಕು. ಅವರ ತಲೆಗೆ ಸಾಲ ಕಟ್ಟಬೇಡಿ.

ದೀಪದ ಮಾತು ಬಂದದ್ದಕ್ಕೆ ಇನ್ನೊಂದು. ರಾತ್ರಿ ಟ್ರಾಲ್ ಅಲ್ಲದ ಬಲೆ ಬಿಟ್ಟ ದೋಣಿ ಮೇಲೆ ಕೆಂಪು, ಕೆಳಗೆ ಬಿಳಿ ದೀಪ ತೋರಿಸಬೇಕು ಅಂತ ಅಂತರರಾಷ್ಟ್ರೀಯ ನಿಯಮ, ಸುತ್ತಲೂ ಕಾಣುವ ಹಾಗೆ. ಟ್ರಾಲ್‌ನವರದ್ದು ಮೇಲೆ ಹಸಿರು, ಕೆಳಗೆ ಬಿಳಿ. ನಮ್ಮಲ್ಲಿ ಕೆಲವರು ಜಾತ್ರೆಯ ಹಾಗೆ ಬಣ್ಣಬಣ್ಣದ ಮಿಣುಕು ಸರ ಕಟ್ಟುತ್ತಾರೆ. ಚಂದ ಇದೆ, ಆದರೆ ಎದುರಿನಿಂದ ಬರುವವನಿಗೆ ಅದು ಏನೂ ಹೇಳುವುದಿಲ್ಲ. ಮೀನು ಸೆಳೆಯಲು ಜನರೇಟರು ಇಟ್ಟು ಹಚ್ಚುವ ಎಲ್‌ಇಡಿ ಬೆಳಕು ಬೇರೆಯೇ ವಿಷಯ. ಅದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ.

ಜೋಡಿಸುವ ಕ್ರಮವನ್ನು ಉದ್ದ ಮಾಡುವುದಿಲ್ಲ. ಬ್ಯಾಟರಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ಬೆಲ್ಟು ಬಿಗಿದು, ದೋಣಿಯ ಅಡಿನೀರು ತಾಗದಷ್ಟು ಎತ್ತರದಲ್ಲಿ, ಎಣ್ಣೆ ಟ್ಯಾಂಕಿನಿಂದ ದೂರ ಇರಲಿ. ಪ್ಲಸ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. ಫ್ಯೂಸು ಇಲ್ಲದ ದೋಣಿಗಳನ್ನು ನಾವು ದಿನಾ ನೋಡುತ್ತೇವೆ. ಬೆಂಕಿ ಬರುವುದು ಬ್ಯಾಟರಿಯಿಂದ ಅಲ್ಲ, ಹೆಚ್ಚಾಗಿ ಉಜ್ಜಿಹೋದ ತಂತಿಯಿಂದ. ತವರ ಲೇಪಿಸಿದ ತಾಮ್ರದ ತಂತಿ ಕೇಳಿ ತನ್ನಿ, ಬರೀ ತಾಮ್ರ ಉಪ್ಪುಗಾಳಿಗೆ ಹಸಿರು ಹಿಡಿದು ಒಳಗಿನಿಂದಲೇ ಪುಡಿಯಾಗುತ್ತದೆ. ತಲೆಗಳಿಗೆ ವ್ಯಾಸಲೀನ್ ಹಚ್ಚಿ.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಶೆಡ್ಡಿನ ಬಾಗಿಲು ತೆಗೆದಿರುತ್ತದೆ. ಯಾರ ಬ್ಯಾಟರಿ ಇದ್ದರೂ ತನ್ನಿ, ಹಣವಿಲ್ಲದೆ ಭಾರ ಹೊರಿಸಿ ಪರೀಕ್ಷೆ ಮಾಡಿ ಕೊಡುತ್ತೇವೆ. ಅಲ್ಲಿ ಬಾಗಿಲ ಬಲಕ್ಕೆ ಮೇಜಿನ ಮೇಲೆ ಒಂದು ಬ್ಯಾಟರಿಯನ್ನು ಅರ್ಧಕ್ಕೆ ಕೊಯ್ದು, ತೊಳೆದು ಇಟ್ಟಿದ್ದೇವೆ. ತೆಳ್ಳಗಿನ ತಟ್ಟೆಗಳು, ಬುಡದಲ್ಲಿ ಎರಡು ಬೆರಳು ಕಪ್ಪು ಕೆಸರು ಕಾಣಿಸುತ್ತದೆ. ಆ ರಾತ್ರಿ ದೋಣಿಯಲ್ಲಿದ್ದದ್ದು ಅದೇ. ಆ ಸದಸ್ಯರು ಇವತ್ತು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಅವರ ಒಪ್ಪಿಗೆ ಕೇಳಿಯೇ ಇಟ್ಟಿದ್ದು. ಅಂಗಿ ಸುಟ್ಟ ಹುಡುಗನೂ ಬಂದಿದ್ದಾನೆ. ಕೈಯಿಂದ ಮುಟ್ಟಿ ನೋಡಬಹುದು, ಆಸಿಡ್ ಉಳಿದಿಲ್ಲ.